ರೈಲೇ ಕಾಣದ ರೈಲ್ವೆ ಪೋಸ್ಟರ್‌ಗಳು

ಕೇಳುಗರಿಗೆ ನಮಸ್ಕಾರ.

ಇಂಗ್ಲೆಂಡಿನ ಹಳೆಯ ರೈಲ್ವೆ ಪೋಸ್ಟರ್‌ಗಳಲ್ಲಿ ಒಂದು ವಿಚಿತ್ರ ಇದೆ. ಕಡಲತೀರದ ಪ್ರವಾಸಕ್ಕೆ ಕರೆಯುವ ಎಷ್ಟೋ ಚಿತ್ರಗಳಲ್ಲಿ ರೈಲೇ ಇರುವುದಿಲ್ಲ! ಮರಳು, ನೀಲಿ ನೀರು, ಬಿಸಿಲು, ಅಷ್ಟೇ. ಟಿಕೆಟ್ ಮಾರುವವರಿಗೆ ಗೊತ್ತಿತ್ತು, ಜನಕ್ಕೆ ಬೇಕಾದ್ದು ಬೋಗಿಯಲ್ಲ, ಸಮುದ್ರ ಅಂತ.

1908ರಲ್ಲಿ ಗ್ರೇಟ್ ನಾರ್ದರ್ನ್ ರೈಲ್ವೆಗೆ ಜಾನ್ ಹ್ಯಾಸಲ್ ಒಂದು ಚಿತ್ರ ಬರೆದುಕೊಟ್ಟರು. ಡೊಳ್ಳು ಹೊಟ್ಟೆಯ ಮೀನುಗಾರನೊಬ್ಬ ಸ್ಕೆಗ್ನೆಸ್ ಊರಿನ ಮರಳಿನ ಮೇಲೆ ಕೈ ಚಾಚಿ ಕುಣಿಯುತ್ತಿದ್ದಾನೆ. ಕಾಲಿಗೆ ದೊಡ್ಡ ಬೂಟು, ಬಾಯಲ್ಲಿ ಪೈಪು, ಕುತ್ತಿಗೆಯ ಮಫ್ಲರ್ ಗಾಳಿಗೆ ಹಾರುತ್ತಿದೆ. ಗುಡ್ ಫ್ರೈಡೇಗೆ ಲಂಡನ್ನಿನ ಕಿಂಗ್ಸ್ ಕ್ರಾಸ್‌ನಿಂದ ಅಲ್ಲಿಗೆ ವಿಶೇಷ ರೈಲು, ದರ 3 ಷಿಲಿಂಗ್. ಹ್ಯಾಸಲ್‌ಗೆ ಸಿಕ್ಕಿದ್ದು 12 ಗಿನಿ, ಅಂದರೆ ಸುಮಾರು ಹನ್ನೆರಡೂವರೆ ಪೌಂಡ್.

ಸ್ಕೆಗ್ನೆಸ್ ಇರುವುದು ಪೂರ್ವ ಕರಾವಳಿಯಲ್ಲಿ. ಉತ್ತರ ಸಮುದ್ರದ ತಣ್ಣನೆ ಗಾಳಿ ನೇರವಾಗಿ ಮುಖಕ್ಕೇ ಹೊಡೆಯುತ್ತದೆ. ಬೇರೆಯವರಾಗಿದ್ದರೆ ಅದನ್ನು ಮುಚ್ಚಿಡುತ್ತಿದ್ದರು, ಅಲ್ವಾ? ಈ ಪೋಸ್ಟರ್ ಮಾತ್ರ ಆ ಗಾಳಿಯನ್ನೇ ಹೊಗಳಿತು. ಬನ್ನಿ, ಮೈಗೆ ಚುರುಕು ಬರುತ್ತದೆ ಎಂದಿತು. ಇನ್ನೂ ತಮಾಷೆ ಎಂದರೆ, ಹ್ಯಾಸಲ್ ಆ ಊರಿಗೆ ಮೊದಲು ಕಾಲಿಟ್ಟದ್ದೇ 1936ರಲ್ಲಿ.

1923ರಲ್ಲಿ ಬ್ರಿಟನ್ನಿನ ಹೆಚ್ಚಿನ ರೈಲು ಕಂಪನಿಗಳೆಲ್ಲ ಸೇರಿ ನಾಲ್ಕು ದೊಡ್ಡ ಕಂಪನಿಗಳಾದವು. ಅದರಲ್ಲಿ ಒಂದಾದ ಎಲ್‌ಎಂಎಸ್, ಕಲಾವಿದ ನಾರ್ಮನ್ ವಿಲ್ಕಿನ್ಸನ್ ಸಲಹೆಯಂತೆ ಲಂಡನ್ನಿನ ಕಲಾಸಂಸ್ಥೆ ರಾಯಲ್ ಅಕಾಡೆಮಿಯ ಹೆಸರಾಂತ ಕಲಾವಿದರಿಂದ ಚಿತ್ರ ಬರೆಸಿತು. ಚೆನ್ನಾಗಿಯೇ ಇವೆ. ಆದರೆ ನನಗೆ ಅವು ಚೌಕಟ್ಟಿನಿಂದ ತಪ್ಪಿಸಿಕೊಂಡು ಬಂದು ಸ್ಟೇಷನ್ ಗೋಡೆಯ ಮೇಲೆ ಕೂತ ಹಾಗೆ ಕಾಣುತ್ತವೆ.

ಪೋಸ್ಟರ್ ಎಂದರೆ ಏನು ಅಂತ ಸರಿಯಾಗಿ ಹಿಡಿದವರು ಆ ನಾಲ್ಕರಲ್ಲಿ ಇನ್ನೊಂದಾದ ಎಲ್‌ಎನ್‌ಇಆರ್ ಕಂಪನಿಗೆ ಬರೆದ ಟಾಮ್ ಪರ್ವಿಸ್. ಲಿಥೋ ಮುದ್ರಣದಲ್ಲಿ ಒಂದೊಂದು ಬಣ್ಣಕ್ಕೂ ಬೇರೆ ಕಲ್ಲು ಇಲ್ಲವೇ ಸತುವಿನ ತಗಡು ಬೇಕು. ಬಣ್ಣ ಜಾಸ್ತಿಯಾದಷ್ಟೂ ಕೆಲಸ ಜಾಸ್ತಿ. ನೋಡುವವನೋ, ಎದುರಿನ ಪ್ಲಾಟ್‌ಫಾರ್ಮಿನಲ್ಲಿ ಪೆಟ್ಟಿಗೆ ಹಿಡಿದು ಓಡುತ್ತಿರುತ್ತಾನೆ. ಸಣ್ಣಪುಟ್ಟ ವಿವರ ಯಾರಿಗೆ ಬೇಕು? ಪರ್ವಿಸ್ ಗೆರೆಗಳನ್ನೇ ಬಿಟ್ಟುಬಿಟ್ಟರು. ಮುಖದಲ್ಲಿ ಕಣ್ಣು ಮೂಗು ಕೂಡ ಎಷ್ಟೋ ಕಡೆ ಇಲ್ಲ. ಒಂದು ಹರವು ಹಳದಿ ಹಚ್ಚಿದರೆ ಅದು ಮರಳು. ಅದರ ಮೇಲೊಂದು ಕಡುಬಣ್ಣದ ತುಂಡು ಇಟ್ಟರೆ ಅದು ನೆರಳು. ಆ ನೆರಳಿನಿಂದಲೇ ಬಿಸಿಲು ಎಷ್ಟು ಸುಡುತ್ತಿದೆ ಅಂತ ನಮಗೆ ಗೊತ್ತಾಗುತ್ತದೆ.

1931ರಲ್ಲಿ ಅವರು ಪೂರ್ವ ಕರಾವಳಿಯ ಸುಖಗಳ ಬಗ್ಗೆ ಆರು ಪೋಸ್ಟರ್ ಮಾಡಿದರು. ಒಂದರಲ್ಲಿ ಕಾಲ್ನಡಿಗೆ, ಒಂದರಲ್ಲಿ ಬಿಸಿಲು ಕಾಯುವುದು, ಇನ್ನೊಂದರಲ್ಲಿ ಮೀನು ಹಿಡಿಯುವುದು, ಹೀಗೆ. ಒಂದೊಂದೂ ಬಿಡಿಯಾಗಿ ಪೂರ್ತಿ ಚಿತ್ರವೇ. ಆರನ್ನೂ ಪಕ್ಕಪಕ್ಕ ಅಂಟಿಸಿದರೆ ತೀರ ಒಂದರಿಂದ ಇನ್ನೊಂದಕ್ಕೆ ಸಾಗಿ ಒಂದೇ ಉದ್ದನೆಯ ದೃಶ್ಯವಾಗುತ್ತದೆ.

1938ರಲ್ಲಿ ಸಂಬಳ ಸಹಿತ ರಜೆಯ ಕಾಯ್ದೆ ಬಂತು. ಕಾರ್ಮಿಕರಿಗೂ ಕಡಲು ಕೈಗೆಟುಕಿತು ಅನ್ನುವಷ್ಟರಲ್ಲಿ, ಮರುವರ್ಷವೇ ಯುದ್ಧ. ಎಷ್ಟೋ ತೀರಗಳಿಗೆ ಮುಳ್ಳುತಂತಿ ಬಿತ್ತು. 1948ರಲ್ಲಿ ರೈಲ್ವೆ ಸರ್ಕಾರದ್ದಾಯಿತು. ಪೋಸ್ಟರ್‌ಗಳು ಆಮೇಲೂ ಬಂದವು. ಅಷ್ಟರಲ್ಲಿ ಜನ ಕಾರು ಕೊಂಡರು, ಅಗ್ಗದ ವಿಮಾನದಲ್ಲಿ ಸ್ಪೇನಿಗೆ ಹೊರಟರು.

ಈ ಪೋಸ್ಟರ್‌ಗಳು ಉಳಿದದ್ದು ಕಡಿಮೆ. ಸುಮ್ನೆ ಗೋಡೆಗೆ ಅಂಟಿಸೋದು, ಹಂಗಾಮು ಮುಗಿದರೆ ಅದರ ಮೇಲೇ ಇನ್ನೊಂದು. ಹಾಗೆ ಉಳಿದುಕೊಂಡ ಕೆಲವಕ್ಕೆ ಈಗ ಹರಾಜಿನಲ್ಲಿ ಸಾವಿರಾರು ಪೌಂಡ್ ಬೆಲೆ. ದೊಡ್ಡ ಸಂಗ್ರಹವೊಂದು ಯಾರ್ಕ್ ನಗರದ ರಾಷ್ಟ್ರೀಯ ರೈಲ್ವೆ ಮ್ಯೂಸಿಯಂನವರ ಬಳಿ ಇದೆ. ಆ ಕಡೆ ಹೋದವರು ಪರ್ವಿಸ್ ಹೆಸರು ಹೇಳಿ ಕೇಳಿ ನೋಡಿ.

ನಮಸ್ಕಾರ.