ಮೈಸೂರಲ್ಲಿ ಪೆಟ್ರೋಲ್ ಖರ್ಚು ಕಮ್ಮಿ ಮಾಡೋದು ಯಾರ ಕೈಲಿದೆ?

ಎಲ್ರಿಗೂ ನಮಸ್ಕಾರ. ಆಷಾಢ ಶುಕ್ರವಾರ ಚಾಮುಂಡಿ ಬೆಟ್ಟಕ್ಕೆ ಹೋಗಿರೋರಿಗೆ ಗೊತ್ತಿರತ್ತೆ, ಅವತ್ತು ನಿಮ್ಮ ಕಾರು ಬೈಕು ಯಾವುದನ್ನೂ ಮೇಲಕ್ಕೆ ಬಿಡಲ್ಲ. ಲಲಿತಮಹಲ್ ಹತ್ರ ಹೆಲಿಪ್ಯಾಡ್ ಗ್ರೌಂಡಲ್ಲಿ ಗಾಡಿ ನಿಲ್ಸಿ ಕೆಎಸ್‌ಆರ್‌ಟಿಸಿ ಬಸ್ ಹತ್ತಬೇಕು, ಇಲ್ಲಾಂದ್ರೆ ಪಾದದಿಂದ ಮೆಟ್ಲು ಹತ್ಕೊಂಡು ಹೋಗ್ಬೇಕು. ದೊಡ್ಡ ದೊಡ್ಡ ಕಾರಿನೋರೂ ಸುಮ್ನೆ ಇಳಿದು ಕ್ಯೂ ನಿಂತ್ಕೋತಾರೆ, ಯಾಕಂದ್ರೆ ಒಂದು ಬಸ್ ಹೋದ ಹಿಂದೆನೇ ಇನ್ನೊಂದು ಬಸ್ ರೆಡಿ ಇರತ್ತೆ. ಅದೇ ಬೆಟ್ಟಕ್ಕೆ ಮಾಮೂಲಿ ಭಾನುವಾರ ಹೋಗಿ ನೋಡಿ, ಮೇಲೆ ಗಾಡಿ ನಿಲ್ಸೋಕೆ ಜಾಗ ಹುಡುಕೋದ್ರಲ್ಲೇ ಅರ್ಧ ಟ್ಯಾಂಕ್ ಖಾಲಿ, ಸರಿ ಅರ್ಧ ಅಲ್ಲ, ಆದ್ರೂ.

ಇವತ್ತಿನ ವಿಡಿಯೋ ವಿಷಯ ಇದೇ. ಪೆಟ್ರೋಲು ಡೀಸೆಲ್ಲು ಕಮ್ಮಿ ಸುಡೋ ಹಾಗೆ ಒಂದು ಊರು ಏನು ಮಾಡಬಹುದು? ದೇಶ ಅಲ್ಲ, ರಾಜ್ಯ ಅಲ್ಲ, ಊರು.

(ಸ್ಕ್ರೀನ್: ಕಚ್ಚಾ ತೈಲದ ಹಡಗು, ಆಮೇಲೆ ಕೆ.ಆರ್. ಸರ್ಕಲ್)

ನಮ್ಮ ದೇಶ ಬಳಸೋ ಕಚ್ಚಾ ತೈಲದಲ್ಲಿ ನೂರಕ್ಕೆ 85ಕ್ಕಿಂತ ಜಾಸ್ತಿ ಹೊರಗಡೆಯಿಂದ ಬರತ್ತೆ. ಇದಕ್ಕೆ ಅಂತ ಮೇಲ್ಗಡೆ ಮಾಡಿರೋ ಪಾಲಿಸಿಗಳು ಬೇಜಾನ್ ಇವೆ. ಇವಿ, ಅಂದ್ರೆ ಎಲೆಕ್ಟ್ರಿಕ್ ಗಾಡಿಗಳ ಪಾಲಿಸಿ ತಂದ ಮೊದಲ ರಾಜ್ಯ ಕರ್ನಾಟಕ, 2017ರಲ್ಲಿ. 2019ರಲ್ಲಿ ಇವಿ ಮೇಲಿನ ಜಿಎಸ್‌ಟಿ 12ರಿಂದ 5 ಪರ್ಸೆಂಟ್‌ಗೆ ಇಳೀತು, ಇವಿಗೆ ಕೇಂದ್ರ ಕೊಡ್ತಿದ್ದ ಫೇಮ್ ಸಬ್ಸಿಡಿ ಬಂತು ಹೋಯ್ತು, 2024ರ ಅಕ್ಟೋಬರಿಂದ ಅದರ ಜಾಗಕ್ಕೆ ಪಿಎಂ ಇ-ಡ್ರೈವ್. ಎಥೆನಾಲ್ ಕಥೆ ಮಂಡ್ಯದೋರಿಗೆ ನಾನು ಹೇಳೋದೇ ಬೇಡ, 1933ರಿಂದ ಮೈಶುಗರ್ ಸಕ್ಕರೆ ಕಾರ್ಖಾನೆ ಇರೋ ಊರು, ಕಬ್ಬಿನ ಮಡ್ಡಿಯಿಂದ ಏನೇನು ಮಾಡ್ತಾರೆ ಅಂತ ಎಲ್ರಿಗೂ ಗೊತ್ತು. ಪೆಟ್ರೋಲಿಗೆ 20 ಪರ್ಸೆಂಟ್ ಎಥೆನಾಲ್ ಬೆರೆಸೋ ಗುರಿ 2030ಕ್ಕೆ ಅಂತ ಇದ್ದದ್ದನ್ನ ಅದಕ್ಕಿಂತ ಮುಂಚೆಗೆ ಎಳ್ಕೊಂಡು ಬಂದು ಮುಗಿಸಿದ್ರು. ಲೀಟರ್ ಎಥೆನಾಲಲ್ಲಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗ ಶಕ್ತಿ ಕಮ್ಮಿ, ಮೈಲೇಜ್ ಗಲಾಟೆ ಆಗ್ತಿರೋದು ಅದಕ್ಕೇ. ಕಬ್ಬಿಗೆ ಬೇಕಾಗೋ ನೀರಿನ ಲೆಕ್ಕ ಬೇರೆ ಇದೆ, ಅದಕ್ಕೆ ಇನ್ನೊಂದು ವಿಡಿಯೋನೇ ಬೇಕು.

ಆದ್ರೆ ನೋಡಿ, ಇದ್ಯಾವುದೂ ಊರಿನ ಕೈಲಿಲ್ಲ, ಎಲ್ಲಾ ಡೆಲ್ಲಿ ಬೆಂಗಳೂರಲ್ಲಿ ತೀರ್ಮಾನ ಆಗೋದು. ಜೊತೆಗೆ ಇದೆಲ್ಲ ಗಾಡಿ ಒಳಗೆ ಏನು ಸುಡಬೇಕು ಅನ್ನೋ ವಿಚಾರ, ನೀವು ಗಾಡಿ ತೆಗೀಬೇಕಾ ಬೇಡ್ವಾ ಅನ್ನೋದು ತೀರ್ಮಾನ ಆಗೋದು ಮಾತ್ರ ಊರಲ್ಲಿ, ಬಸ್ ಸ್ಟಾಪಲ್ಲಿ, ಫುಟ್‌ಪಾತಲ್ಲಿ, ಪಾರ್ಕಿಂಗಲ್ಲಿ.

ಮೈಸೂರಿನ ಬಾಡಿಗೆ ಸೈಕಲ್ ಸ್ಕೀಮ್ ಟ್ರಿಣ್ ಟ್ರಿಣ್ ನೆನಪಿದ್ಯಾ? 2017ರ ಜೂನ್ 4ಕ್ಕೆ ಶುರುವಾಯ್ತು, 450 ಸೈಕಲ್ಲು, ಸೈಕಲ್ ತಗೊಳ್ಳೋಕೆ ಬಿಡೋಕೆ 48 ಡಾಕಿಂಗ್ ಸ್ಟೇಷನ್ನು. ದುಡ್ಡಲ್ಲಿ ಒಂದು ಪಾಲು ಜಿಇಎಫ್ ಅನ್ನೋ ಜಾಗತಿಕ ಪರಿಸರ ನಿಧಿಯಿಂದ. ಕಾರ್ಡ್ ಇಟ್ಟರೆ ಲಾಕ್ ಬಿಚ್ಕೋತಿತ್ತು, ಸೈಕಲ್ ತಗೊಂಡು ಹೋಗಿ ಇನ್ನೊಂದು ಡಾಕಲ್ಲಿ ಸಿಕ್ಕಿಸಿದ್ರೆ ಆಗ್ತಿತ್ತು. ದೇಶ ಎಲ್ಲ ಮೈಸೂರಿನ ಕಡೆ ನೋಡ್ತು ಆಗ, ನಮಗೂ ಒಂದ್ ಸ್ವಲ್ಪ ಕೊಬ್ಬು ಬಂದಿತ್ತು.

ಐಡಿಯಾ ಚೆನ್ನಾಗೇ ಇತ್ತು, ಈಗಲೂ ಚೆನ್ನಾಗಿದೆ. ಆದ್ರೆ ಡಾಕ್ ಇರೋ ಸೈಕಲ್‌ನಲ್ಲಿ ಒಂದು ಒಳಗುಟ್ಟಿದೆ. ಬೆಳಗ್ಗೆ ಎಲ್ರೂ ಒಂದೇ ಕಡೆಗೆ ತುಳೀತಾರೆ, ಆ ಕಡೆ ಡಾಕ್ ಫುಲ್ಲು, ಈ ಕಡೆ ಡಾಕ್ ಖಾಲಿ. ಸಂಜೆ ಉಲ್ಟಾ. ಅದಕ್ಕೆ ಒಂದು ಗಾಡಿ ಇಟ್ಕೊಂಡು ದಿನವಿಡೀ ಸೈಕಲ್ಲುಗಳನ್ನ ಅಲ್ಲಿಂದ ಇಲ್ಲಿಗೆ ತುಂಬ್ಕೊಂಡು ಓಡಾಡಬೇಕು, ಪಂಚರ್ ಹಾಕಬೇಕು, ಸೀಟು ಬ್ರೇಕು ಬದಲಾಯಿಸ್ತಿರಬೇಕು. ಉದ್ಘಾಟನೆಗೆ ದುಡ್ಡು ಸಿಗತ್ತೆ, ಪಂಚರಿಗೆ ಸಿಗಲ್ಲ. ಪ್ಯಾರಿಸ್‌ನಲ್ಲಿ 2007ರಲ್ಲಿ ವೆಲಿಬ್ ಅನ್ನೋ ಇಂಥದ್ದೇ ಸೈಕಲ್ ಸ್ಕೀಮ್ ಶುರುವಾದಾಗ ರಸ್ತೆ ಬದಿ ಜಾಹೀರಾತು ಹಲಗೆಗಳ ಹಕ್ಕನ್ನ ಕಂಪನಿಗೆ ಕೊಟ್ಟು ಅದರ ಆದಾಯದಲ್ಲೇ ಸೈಕಲ್ ನೋಡ್ಕೋ ಅಂದ್ರು, ಅಲ್ಲೂ ಸೈಕಲ್ ಕಳ್ಳತನ ಆಯ್ತು, ಮುರಿದು ಹಾಕಿದ್ರು, ಆದ್ರೆ ರಿಪೇರಿಗೆ ದುಡ್ಡು ಎಲ್ಲಿಂದ ಅನ್ನೋದಾದ್ರೂ ಮೊದಲೇ ಬರ್ಕೊಂಡಿದ್ರು. ಇನ್ನೊಂದು ವಿಷಯ, ನಮ್ಮಲ್ಲಿ ಸೈಕಲ್ ಕೊಟ್ರು, ಓಡ್ಸೋಕೆ ಜಾಗ ಕೊಡ್ಲಿಲ್ಲ. ಸೈಕಲ್ ಲೇನ್ ಅಂತ ಬಣ್ಣ ಬಳಿದ ಕಡೆ ಸಂಜೆಗೆ ಪಾನಿಪುರಿ ಗಾಡಿ, ಆಟೋ, ಕಾರು ಎಲ್ಲ ನಿಂತಿರತ್ತೆ. ಪಾನಿಪುರಿಯವರ ಮೇಲೆ ನನಗೇನೂ ಸಿಟ್ಟಿಲ್ಲ, ಕಾರಿನ ಮೇಲಿದೆ.

(ಸ್ಕ್ರೀನ್: ಸಯ್ಯಾಜಿರಾವ್ ರಸ್ತೆ, ಬೆಳಗ್ಗೆ)

ಪಾರ್ಕಿಂಗ್ ಅಂದ ತಕ್ಷಣ ಜನ ಜಗಳಕ್ಕೆ ಬರ್ತಾರೆ, ಬನ್ನಿ ಪರವಾಗಿಲ್ಲ. ದೇವರಾಜ ಮಾರ್ಕೆಟ್ ಸುತ್ತಮುತ್ತ ಬೆಳಗ್ಗೆ ಅಂಗಡಿ ಬಾಗಿಲು ತೆಗೆಯೋ ಟೈಮಲ್ಲಿ ನಿಂತು ನೋಡಿ, ಮೊದಲು ಬಂದು ನಿಲ್ಲೋ ಸ್ಕೂಟರ್ ಅಂಗಡಿಯೋರದ್ದೇ, ಸಂಜೆ ತನಕ ಅದು ಅಲ್ಲಾಡಲ್ಲ, ಗಿರಾಕಿ ಬಂದ್ರೆ ನಿಲ್ಸೋಕೆ ಜಾಗ ಇಲ್ದೆ ಎರಡು ಮೂರು ರೌಂಡ್ ಹೊಡೀತಾನೆ, ಆಮೇಲೆ ಅಂಗಡಿಯೋರೇ ಹೇಳ್ತಾರೆ ಪಾರ್ಕಿಂಗ್ ಇಲ್ಲ ವ್ಯಾಪಾರ ಇಲ್ಲ ಅಂತ. ಆ ಜಾಗಕ್ಕೆ ಗಂಟೆಗಿಷ್ಟು ಅಂತ ರೇಟ್ ಇಟ್ರೆ ಸ್ಕೂಟರ್ ಮನೇಲಿರತ್ತೆ, ಅಥವಾ ದೂರದಲ್ಲಿರತ್ತೆ.

ದೊಡ್ಡ ಮಟ್ಟದಲ್ಲಿ ಇದನ್ನೇ ಲಂಡನ್ ಮಾಡಿದ್ದು. 2003ರ ಫೆಬ್ರವರಿ 17, ಊರ ಮಧ್ಯಕ್ಕೆ ಕಾರು ತರಬೇಕಂದ್ರೆ ದಿನಕ್ಕೆ 5 ಪೌಂಡ್ ಕಟ್ಟು ಅಂದ್ರು, ಬಂದ ದುಡ್ಡನ್ನ ಸಾರಿಗೆಗೇ ಹಾಕಬೇಕು ಅಂತ ಕಾನೂನಲ್ಲೇ ಇತ್ತು. ಸ್ಟಾಕ್‌ಹೋಮ್‌ನೋರು ಇನ್ನೂ ಬುದ್ಧಿವಂತರು, 2006ರಲ್ಲಿ ಏಳು ತಿಂಗಳು ಟ್ರಯಲ್ ಮಾಡಿದ್ರು, ಸುಂಕ ಶುರುವಾಗೋಕೆ ತಿಂಗಳುಗಟ್ಟಲೆ ಮುಂಚೆನೇ ಹೊಸ ಬಸ್ಸುಗಳನ್ನ ಬಿಟ್ರು. ಟ್ರಾಫಿಕ್ ಐದನೇ ಒಂದು ಭಾಗ ಇಳೀತು. ಆಮೇಲೆ ಜನರ ಹತ್ರನೇ ಓಟ್ ಹಾಕ್ಸಿದ್ರು, ಮೊದಲು ಬೈದಿದ್ದ ಊರೇ ಇರಲಿ ಬಿಡಿ ಅಂತು, 2007ರಿಂದ ಖಾಯಂ. ಮೊದಲು ಬಸ್ಸು, ಆಮೇಲೆ ಸುಂಕ. ನಮ್ಮ ಬೆಟ್ಟದ ಆಷಾಢ ಶುಕ್ರವಾರಾನೂ ಇದೇ ಕ್ರಮದಲ್ಲೇ ನಡೀತಿರೋದು.

ಹಂಗಾದ್ರೆ ಬಸ್ಸು ಎಲ್ಲಿಂದ ತರೋದು?

2023ರ ಆಗಸ್ಟಲ್ಲಿ ಕೇಂದ್ರ ಪಿಎಂ ಇ-ಬಸ್ ಸೇವಾ ಅಂತ ತಂತು, 10,000 ಎಲೆಕ್ಟ್ರಿಕ್ ಬಸ್ಸು, 3 ಲಕ್ಷಕ್ಕಿಂತ ಜಾಸ್ತಿ ಜನ ಇರೋ ಊರುಗಳಿಗೆ. ಮೈಸೂರು ಈ ಲೆಕ್ಕಕ್ಕೆ ಬರತ್ತೆ, ಮಂಡ್ಯ ಸಿಟಿ ಬರಲ್ಲ, ಮಂಡ್ಯದೋರು ಬೈಬೇಡಿ, ನಿಮಗೆ ಕರೆಂಟಲ್ಲಿ ಓಡೋ ಟ್ರೈನಾದ್ರೂ ಇದೆ, ಅದು ಹಿಡಿಯೋಕೆ ಸ್ಟೇಷನ್ ತನಕ ಬೈಕಲ್ಲಿ ಹೋಗಬೇಕು ಅನ್ನೋದು ಬೇರೆ ಮಾತು. ಈ ಸ್ಕೀಮಲ್ಲಿ ಬಸ್ಸನ್ನ ಸರ್ಕಾರ ಕೊಳ್ಳಲ್ಲ. ಕಂಪನಿಯೇ ಬಸ್ ತರತ್ತೆ, ಡ್ರೈವರೂ ಅವರದ್ದೇ, ಓಡಿದ ಕಿಲೋಮೀಟರಿಗೆ ಇಷ್ಟು ಅಂತ ದುಡ್ಡು ತಗೊಳತ್ತೆ, ಕಬ್ಬು ಸಾಗಿಸೋಕೆ ನಾವೇ ಲಾರಿ ಕೊಳ್ಳದೆ ಟನ್ನಿಗಿಷ್ಟು ಅಂತ ಬಾಡಿಗೆ ಮಾತಾಡ್ತೀವಲ್ಲ ಹಂಗೆ. ಟಿಕೆಟ್ ದುಡ್ಡು ಸರ್ಕಾರದ ಕಡೆಗೆ. ದೊಡ್ಡ ಬಸ್ಸಿಗೆ ಕಿಲೋಮೀಟರಿಗೆ 24 ರೂಪಾಯಿ ಕೇಂದ್ರ ಕೊಡತ್ತೆ, ಹತ್ತು ವರ್ಷ. ಬಾಕಿ ನಾವು ಹಾಕಬೇಕು.

ಡೀಸೆಲ್ ಸಿಟಿ ಬಸ್ಸು ಲೀಟರಿಗೆ ಹೆಚ್ಚುಕಮ್ಮಿ ನಾಲ್ಕೈದು ಕಿಲೋಮೀಟರ್ ಕೊಡತ್ತೆ. ದಿನಕ್ಕೆ 200 ಕಿಲೋಮೀಟರ್ ಓಡಿದ್ರೆ 40ರಿಂದ 50 ಲೀಟರ್, ಒಂದೇ ಬಸ್ಸಿಗೆ. ಅಷ್ಟು ಪೆಟ್ರೋಲ್ ಉಳಿಸೋಕೆ ಎಷ್ಟು ಆಕ್ಟಿವಾ ಮನೇಲಿ ನಿಲ್ಸಬೇಕು ನೀವೇ ಲೆಕ್ಕ ಹಾಕಿ. ಚೀನಾದ ಶೆನ್ಝೆನ್ 2017ರ ಕೊನೆಗೆ 16,000ಕ್ಕೂ ಜಾಸ್ತಿ ಬಸ್ಸುಗಳನ್ನ ಪೂರ್ತಿ ಎಲೆಕ್ಟ್ರಿಕ್ ಮಾಡಿ ಮುಗಿಸ್ತು. ಅವ್ರಿಗೂ ಕಷ್ಟ ಆಗಿದ್ದು ಚಾರ್ಜಿಂಗಿಗೆ ಜಾಗ ಹುಡುಕೋದೇ. ಡಿಪೋ ತುಂಬ ಬಸ್ ರಾತ್ರಿ ಒಟ್ಟಿಗೆ ಚಾರ್ಜಿಗೆ ಹಾಕಿದ್ರೆ ಬೇರೇನೇ ಹೈಟೆನ್ಷನ್ ಲೈನ್ ಬೇಕು, ಟ್ರಾನ್ಸ್‌ಫಾರ್ಮರ್ ಬೇಕು, ಜಾಗ ಬೇಕು, ಬಸ್ ಬರೋಕೆ ಮುಂಚೆ ಇದೆಲ್ಲ ಆಗಿರಬೇಕು.

ಇಲ್ಲೇ ಗಂಟು ಬೀಳೋದು. ಮೈಸೂರಲ್ಲಿ ಸಿಟಿ ಬಸ್ ಕೆಎಸ್‌ಆರ್‌ಟಿಸಿದು, ಒಳಗಿನ ರಸ್ತೆ ಪಾಲಿಕೆದು, ಟ್ರಾಫಿಕ್ ಪೊಲೀಸರದ್ದು, ಕರೆಂಟ್ ಸೆಸ್ಕ್‌ದು, ಹೊಸ ಲೇಔಟ್ ಪ್ರಾಧಿಕಾರದ್ದು. ಲೇಔಟ್ ಪ್ಲಾನ್ ಮಾಡೋವಾಗ ಬಸ್ಸಿನೋರನ್ನ ಕೇಳಲ್ಲ, ಜನ ಮನೆ ಕಟ್ಟಿ ಬಂದ್ಮೇಲೆ ನೋಡಿದ್ರೆ ಬಸ್ ತಿರುಗೋಕೂ ಜಾಗ ಇರಲ್ಲ, ಆಗ ಮನೆಗೆ ಎರಡು ಟೂವೀಲರ್. ಇವ್ರನ್ನೆಲ್ಲ ಒಂದೇ ಟೇಬಲ್ಲಿಗೆ ಕೂರಿಸಿ ಅಂತ 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿನೇ ಹೇಳಿತ್ತು, ಬೆಂಗಳೂರಿಗೆ ಅಂಥ ಪ್ರಾಧಿಕಾರದ ಕಾನೂನು ಪಾಸಾಗೋಕೆ 2022 ಆಗ್ಬೇಕಾಯ್ತು.

ಅದು ನಮಗೆ ಯಾವಾಗ ಬರತ್ತೋ ಬರಲಿ, ಆಗೋ ಕೆಲಸಗಳು ಇವೆ. 2012ರಲ್ಲೇ ಮೈಸೂರಿನ ಬಸ್ಸಿಗೆ ಜಿಪಿಎಸ್ ಹಾಕಿ ಸ್ಟಾಪಲ್ಲಿ ಬೋರ್ಡ್ ಹಾಕಿದ್ರು, ಮುಂದಿನ ಬಸ್ ಎಷ್ಟು ನಿಮಿಷಕ್ಕೆ ಅಂತ ತೋರ್ಸೋಕೆ. ಆ ಒಂದು ಮಾಹಿತಿ ಸರಿಯಾಗಿ ಸಿಕ್ರೆ ಬಸ್ಸಿಗೆ ಕಾಯೋ ಜನ ಹೆಚ್ಚಾಗ್ತಾರೆ, ಹೊಸ ಬಸ್ ಇಲ್ದೇನೂ. 2023ರ ಜೂನಿಂದ ಶಕ್ತಿ ಬಂದ್ಮೇಲೆ ಹೆಂಗಸರಿಗೆ ಟಿಕೆಟ್ ಚಿಂತೆ ಇಲ್ಲ, ಈಗ ಇರೋ ಚಿಂತೆ ಬಸ್ ಬರತ್ತಾ, ಬಂದ್ರೆ ಹತ್ತೋಕಾಗತ್ತಾ ಅನ್ನೋದು.

ಅದಕ್ಕೇ ಕಾಮೆಂಟಲ್ಲಿ ಸೂಪರ್ ಬ್ರೋ ಅಂತ ಬರೀಬೇಡಿ. ನಿಮ್ಮ ಸ್ಟಾಪ್ ಯಾವುದು, ರೂಟ್ ನಂಬರ್ ಎಷ್ಟು, ರಾತ್ರಿ ಕೊನೆ ಬಸ್ ಎಷ್ಟೊತ್ತಿಗೆ, ಅಲ್ಲಿ ಬೋರ್ಡ್ ಕೆಲಸ ಮಾಡತ್ತಾ, ಇಷ್ಟು ಬರೀರಿ. ಬಡಾವಣೆ ಪ್ರಕಾರ ಪಟ್ಟಿ ಮಾಡಿ ಡಿಪೋಗೂ ಪಾಲಿಕೆಗೂ ಎರಡು ಕಡೆಗೂ ಕೊಡೋಣ ಅಂತ ಇದೀವಿ, ಒಂದೇ ಕಡೆ ಕೊಟ್ರೆ ಅದು ನಮಗೆ ಬರಲ್ಲ ಅವ್ರಿಗೆ ಕೊಡಿ ಅಂತಾರೆ.