ಬಲಿಪಾಡ್ಯಮಿಯ ರಾತ್ರಿ, ಮನೆಬಾಗಿಲಿಗೆ ಬರುವ ದೀಪ

ನಮಸ್ಕಾರ. ನೀವೀಗ ನೋಡುತ್ತಿರುವುದು ತೀರ್ಥಹಳ್ಳಿ ಸೀಮೆಯ ಒಂದು ಊರು. ಮಲೆನಾಡಿನವರಿಗೆ ದೀಪಾವಳಿಯೇ ದೊಡ್ಡ ಹಬ್ಬ. ತ್ರಯೋದಶಿಯ ಸಂಜೆ ಬಚ್ಚಲ ಹಂಡೆಯನ್ನು ತಿಕ್ಕಿ ತೊಳೆದು ನೀರು ತುಂಬುತ್ತಾರೆ. ಮರುದಿನ ನಸುಕಿನಲ್ಲಿ ಎಣ್ಣೆಸ್ನಾನ, ಅಮಾವಾಸ್ಯೆಗೆ ಲಕ್ಷ್ಮೀಪೂಜೆ. ನಾನು ಕಾದಿದ್ದು ಮಾತ್ರ ಕಾರ್ತಿಕ ಶುದ್ಧ ಪಾಡ್ಯಕ್ಕೆ.

ಬಲಿ ಚಕ್ರವರ್ತಿ ಪ್ರಹ್ಲಾದನ ಮೊಮ್ಮಗ, ವಿರೋಚನನ ಮಗ. ವಾಮನ ಮೂರು ಹೆಜ್ಜೆ ನೆಲ ಕೇಳಿದಾಗ, ಗುರು ಶುಕ್ರಾಚಾರ್ಯರು ತಡೆದರೂ ಕೇಳದೆ ದಾನ ಕೊಟ್ಟು, ಮೂರನೆಯ ಹೆಜ್ಜೆಗೆ ತಲೆಯನ್ನೇ ಒಡ್ಡಿದವನು. ಅವನು ವರ್ಷಕ್ಕೊಮ್ಮೆ ತನ್ನ ನಾಡನ್ನು ನೋಡಲು ಬರುತ್ತಾನೆಂಬ ನಂಬಿಕೆ. ನರಕಾಸುರನ ಸಾವಿಗೆ ಪಟಾಕಿ ಹಚ್ಚಿದ ಜನರೇ ಎರಡು ದಿನ ಕಳೆಯುವಷ್ಟರಲ್ಲಿ ಇನ್ನೊಬ್ಬ ಅಸುರನನ್ನು ಬರಮಾಡಿಕೊಳ್ಳಲು ಅಂಗಳ ಸಾರಿಸುತ್ತಾರೆ! ಈ ಹಬ್ಬದ ದೊಡ್ಡತನ ನನಗೆ ಕಾಣುವುದು ಇಲ್ಲಿ. ಘಟ್ಟದ ಕೆಳಗೆ, ತುಳುನಾಡಿನಲ್ಲಂತೂ ಗದ್ದೆಗೆ ದೀಪ ಒಯ್ದು ‘ಬಲೀಂದ್ರಾ, ಕೂ’ ಎಂದು ಕೂಗಿ ಕರೆಯುತ್ತಾರೆ.

ಹಗಲಿನಲ್ಲಿ ಗೋಪೂಜೆ. ಈ ಹಸುವನ್ನು ನೋಡಿ: ಮೈಮೇಲೆ ಕೆಮ್ಮಣ್ಣಿನ ಗುರುತು, ಕೊರಳಲ್ಲಿ ಚೆಂಡುಹೂವು, ಅಡಿಕೆಯ ಮಾಲೆ. ಹಬ್ಬದಡುಗೆಯಲ್ಲಿ ಇದಕ್ಕೂ ಪಾಲಿದೆ.

ಕತ್ತಲಾದ ಮೇಲೆ ಅಂಟಿಗೆ ಪಂಟಿಗೆಯವರು ಹೊರಡುತ್ತಾರೆ. ದೇವರ ಮುಂದೆ ಹಚ್ಚಿಕೊಂಡ ದೀಪವನ್ನು ಹಿಡಿದು, ತೋಟ ಗದ್ದೆ ದಾಟಿ, ರಾತ್ರಿಯಿಡೀ ಮನೆಯಿಂದ ಮನೆಗೆ ನಡೆಯುತ್ತಾರೆ. ದೀಪ ಆರಕೂಡದು. ಮುಚ್ಚಿದ ಬಾಗಿಲ ಮುಂದೆ ನಿಂತು, ಬಾಗಿಲು ತೆಗೆಯಿರೆಂದು ಹಾಡುತ್ತಾರೆ. ಮುಂದಿನವರು ಎತ್ತಿಕೊಟ್ಟ ಸಾಲನ್ನು ಹಿಂದಿನವರು ಮರುಹಾಡುತ್ತಾರೆ. ವಾದ್ಯವಿಲ್ಲ, ಕೊರಳೊಂದೇ. ಮನೆಯವರು ಬಾಗಿಲು ತೆರೆದು, ದೀಪಕ್ಕೆ ಎಣ್ಣೆ ಎರೆದು, ಅದರಿಂದ ತಮ್ಮ ಮನೆಯ ದೀಪವನ್ನು ಹಚ್ಚಿಕೊಳ್ಳುತ್ತಾರೆ. ಅಕ್ಕಿ, ತೆಂಗಿನಕಾಯಿ, ಹೋಳಿಗೆ, ಕಾಣಿಕೆ ಕೊಟ್ಟು ಕಳುಹಿಸುತ್ತಾರೆ. ಹಂಚಿನ ಮನೆಗೂ ತಾರಸಿ ಮನೆಗೂ ಅದೇ ದೀಪ, ಅದೇ ಹಾಡು. ಒಬ್ಬರ ಮನೆಯ ಎಣ್ಣೆ ಇನ್ನೊಬ್ಬರ ಅಂಗಳದಲ್ಲಿ ಉರಿಯುತ್ತದೆ. ಊರು ಎನ್ನುವುದು ಹೇಗೆ ಉಳಿದುಕೊಂಡು ಬಂದಿದೆ ಎಂದು ಯಾರಾದರೂ ಕೇಳಿದರೆ ನಾನು ಇದನ್ನೇ ತೋರಿಸುತ್ತೇನೆ.

ಈ ಪದಗಳು ಬಾಯಿಂದ ಬಾಯಿಗೆ ಬಂದವು. ನಿಮ್ಮ ಮನೆಯ ಅಜ್ಜನಿಗೋ ದೊಡ್ಡಪ್ಪನಿಗೋ ಒಂದೆರಡು ಗೊತ್ತಿದ್ದರೆ, ಈ ಹಬ್ಬದಲ್ಲೇ ಕೂರಿಸಿ ಹಾಡಿಸಿ, ಮೊಬೈಲಿನಲ್ಲಿ ಹಿಡಿದಿಡಿ. ಇನ್ನು ನನ್ನ ಮಾತು ಸಾಕು. ಬಾಗಿಲು ತೆಗೆಸುವ ಪದವನ್ನು ಎಲ್ಲಿಯೂ ಕತ್ತರಿಸದೆ ಮುಂದೆ ಹಾಕಿದ್ದೇನೆ, ಪೂರ್ತಿ ಕೇಳಿ.