ಮದ್ರಾಸ್ ಯೂತ್ ಕಾಯರ್ ಹುಟ್ಟಿದ ಕಥೆ

ಕೇಳುಗರೇ, ನಮಸ್ಕಾರ.

ನಮ್ಮೂರ ಭಜನೆಯಲ್ಲಿ ನೂರು ಜನ ಕೂತರೂ ಹಾಡುವ ಧಾಟಿ ಒಂದೇ, ಅಲ್ವಾ? ಕಾಯರ್‌ನಲ್ಲಿ, ಅಂದರೆ ವೃಂದಗಾನದ ತಂಡದಲ್ಲಿ, ಹಾಗಲ್ಲ. ಹೆಂಗಸರದ್ದು ಎರಡು ಗುಂಪು, ಗಂಡಸರದ್ದು ಎರಡು. ನಾಲ್ಕೂ ಒಂದೇ ಹೊತ್ತಿಗೆ ಬೇರೆ ಬೇರೆ ಸ್ವರ ಹಿಡಿಯುತ್ತವೆ. ಚರ್ಚ್‌ಗಳಲ್ಲಿ ಇದು ಮೊದಲಿಂದಲೂ ಇತ್ತು. ಆದರೆ ನಮ್ಮ ರಾಗದ ಹಾಡನ್ನೂ ಹೀಗೆ ಹಾಡಬಹುದು, ಅದನ್ನು ಕಛೇರಿ ಮಾಡುವ ವಿದ್ವಾಂಸರೇ ಹಾಡಬೇಕಿಲ್ಲ ಅಂತ ಮದ್ರಾಸಿನಲ್ಲಿ ಮಾಡಿ ತೋರಿಸಿದವರು ಎಂ.ಬಿ. ಶ್ರೀನಿವಾಸನ್. ಮಲಯಾಳಂ ಸಿನಿಮಾಗಳ ದೊಡ್ಡ ಸಂಗೀತ ನಿರ್ದೇಶಕರು. 1961ರಲ್ಲಿ ಯೇಸುದಾಸ್ ಅವರಿಂದ ಮೊದಲ ಸಿನಿಮಾ ಹಾಡು ಹಾಡಿಸಿದ್ದು ಇವರೇ.

ಕಲ್ಕತ್ತದಲ್ಲಿ ಗಾಯಕಿ ರುಮಾ ಗುಹಾ ಠಾಕುರ್ತಾ 1958ರಲ್ಲೇ ಯೂತ್ ಕಾಯರ್ ಕಟ್ಟಿದ್ದರು. ಮದ್ರಾಸ್ ಯೂತ್ ಕಾಯರ್ ಅನ್ನು ಶ್ರೀನಿವಾಸನ್ ಶುರು ಮಾಡಿದ್ದು 1970ರ ದಶಕದ ಆರಂಭದಲ್ಲಿ. ತಮಿಳು ಕವಿ ಸುಬ್ರಹ್ಮಣ್ಯ ಭಾರತಿಯವರ ಹಾಡುಗಳು ಈ ವೃಂದದ ಜೀವ. ಬೇರೆ ಭಾರತೀಯ ಭಾಷೆಗಳ ಹಾಡುಗಳೂ ಸೇರಿಕೊಂಡವು.

ರಾಗದ ಹಾಡನ್ನು ನಾಲ್ಕು ಗುಂಪಿಗೆ ಹಂಚುವುದು ಸುಮ್ನೆ ಆಗುವ ಕೆಲಸವಲ್ಲ. ಮೋಹನ ರಾಗವನ್ನೇ ತಗೊಳ್ಳಿ. ಅದರಲ್ಲಿ ಮ ಇಲ್ಲ, ನಿ ಇಲ್ಲ. ಮೇಲಿನ ಗುಂಪು ಧಾಟಿ ಹಾಡುವಾಗ ಕೆಳಗಿನ ಗುಂಪುಗಳಿಗೆ ಸ್ವರ ಹಂಚಬೇಕು. ಪಾಶ್ಚಾತ್ಯ ಪದ್ಧತಿಯಂತೆ ಕಂಡ ಸ್ವರ ಸೇರಿಸಿದರೆ ರಾಗವೇ ಹೋಗಿಬಿಡುತ್ತದೆ. ಇರುವ ಐದರಲ್ಲೇ ಸ, ಗ, ಪ ಜೋಡಿಸಿ ಹಾದಿ ಹುಡುಕಬೇಕು. ಗಮಕದ್ದು ಇನ್ನೂ ಕಷ್ಟ, ಮೂವತ್ತು ಜನ ಮೂವತ್ತು ತರ ಸ್ವರ ಅಲ್ಲಾಡಿಸಿದರೆ ಕೇಳೋಕಾಗುತ್ತಾ? ಅದಕ್ಕೇ ಗಮಕ ಕಡಿಮೆ ಮಾಡಿ, ಸ್ವರವನ್ನು ನೇರವಾಗಿ ನಿಲ್ಲಿಸಿ ಹಾಡಬೇಕಾಗುತ್ತದೆ. ನನಗೆ ಎಲ್ಲಕ್ಕಿಂತ ಇಷ್ಟ ಮಂದ್ರದ, ಅಂದರೆ ತಗ್ಗಿನ ದನಿಯ ಗುಂಪು. ಅವರ ಪಾಲಿನ ಸಾಲನ್ನು ಬೇರೆಯಾಗಿ ಕೇಳಿದರೆ ಯಾವ ಹಾಡು ಅಂತಲೇ ಗೊತ್ತಾಗುವುದಿಲ್ಲ. ಪಕ್ಕದವರ ಧಾಟಿಗೆ ಜಾರದೆ ತಮ್ಮದನ್ನೇ ಹಿಡಿದು ನಿಲ್ಲಬೇಕು, ಕಿವಿ ಮಾತ್ರ ಎಲ್ಲರ ಕಡೆ ಇರಬೇಕು. ಚಪ್ಪಾಳೆ ಮೇಲಿನ ಧಾಟಿಗೇ ಜಾಸ್ತಿ ಸಿಗುತ್ತದೆ, ಹಾಡು ನಿಂತಿರುವುದು ಮಾತ್ರ ಇವರ ಮೇಲೆ.

ಎಂ.ಬಿ.ಎಸ್. 1988ರಲ್ಲಿ ಲಕ್ಷದ್ವೀಪದಲ್ಲಿದ್ದಾಗ ತೀರಿಕೊಂಡರು. ಆಮೇಲೂ ಅವರ ಶಿಷ್ಯರು ಹಾಡು ಬಿಡಲಿಲ್ಲ. ತಿರುವನಂತಪುರದಲ್ಲೂ ಅವರ ಹೆಸರಿನ ಕಾಯರ್ ಇದೆ.

ನಿಮ್ಮ ಬೀದಿಯಲ್ಲೂ ಹತ್ತು ಜನ ಹಾಡುವವರಿದ್ದರೆ ಒಂದು ಸಂಜೆ ಕೂತು ನೋಡಿ. ಐದು ಜನ ಹಾಡು ಹೇಳಲಿ, ಉಳಿದ ಐದು ಜನ ಕೆಳಗೆ ಬರೀ ಸ, ಪ ಹಿಡಿದು ಗುನುಗಲಿ. ಮೊದಲ ದಿನ ಅಷ್ಟು ಸಾಕು.